ಕೆಂಪು ತಲೆಯ ಬೋಲ್ಟು

ವಿಷಲ್ ಮಾಮನ ಅಂಗಡಿಗೂ ನನ್ನ ಟೈಲರ್ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳಿಸುತ್ತದೆ, ನಾನು ಗಿರಾಕಿಯ ಮೇಲೆ ರೇಗಿದರೆ ಅವರಿಗೆ ಕೇಳಿಸುತ್ತದೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಬೋರ್ಡಿನ ಮೇಲೆ ಅವರ ನಿಜವಾದ ಹೆಸರು ಇದೆ, ಅದನ್ನು ಓದಿದವರು ಮಾತ್ರ ಯಾರೂ ಇಲ್ಲ. ಕುಕ್ಕರ್ ರಿಪೇರಿ ಮಾಡಿದ ಮೇಲೆ ಅದಕ್ಕೆ ನೀರು ಹಾಕಿ, ಅಂಗಡಿಯ ಒಲೆಯ ಮೇಲಿಟ್ಟು, ಗಿರಾಕಿಯ ಎದುರಿಗೇ ಮೂರು ವಿಷಲ್ ಕೂಗಿಸದೆ ಅವರು ವಾಪಸ್ ಕೊಡುವುದಿಲ್ಲ. ಅವಸರವಿದೆ ಎಂದರೆ ಅದು ಗಿರಾಕಿಯ ಹಣೆಬರಹ. ಹಾಗಾಗಿ ಅವರು ಇಡೀ ಬೀದಿಗೆ ವಿಷಲ್ ಮಾಮ.

ಮಾಮನ ಇನ್ನೊಂದು ಗುಣವೆಂದರೆ ಅವರು ಯಾರ ಮುಖವನ್ನೂ ನೋಡುವುದಿಲ್ಲ. ಗಿರಾಕಿ ಬಂದು ನಿಂತರೆ ಕಣ್ಣು ನೇರವಾಗಿ ಕೈಯಲ್ಲಿರುವ ಪಾತ್ರೆಗೇ ಹೋಗುತ್ತದೆ. ಹೆಸರು ಕೇಳುವುದಿಲ್ಲ, ಫೋನ್ ನಂಬರ್ ಬರೆದುಕೊಳ್ಳುವುದಿಲ್ಲ, ಚೀಟಿ ಕೊಡುವುದಿಲ್ಲ. ಆದರೆ ಒಮ್ಮೆ ಕೈಗೆ ಬಂದ ಪಾತ್ರೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ. ಪಾತ್ರೆ ನೋಡಿಯೇ ಮನೆಯ ಜಾತಕ ಹೇಳಿಬಿಡುತ್ತಾರೆ. ನಾನ್‌ಸ್ಟಿಕ್ ಬಾಣಲೆಯ ತುಂಬ ಗೀರು ಬಿದ್ದಿದ್ದರೆ, "ಈ ಮನೇಲಿ ಗಂಡಸು ಅಡುಗೆ ಮಾಡ್ತಾನೆ, ಅದೂ ಸ್ಟೀಲ್ ಚಮಚದಲ್ಲಿ" ಎನ್ನುತ್ತಾರೆ. ಮಿಕ್ಸಿ ಜಾರಿನ ತಳದಲ್ಲಿ ಹಳೆಯ ಮಸಾಲೆ ಗಟ್ಟಿಯಾಗಿ ಕೂತಿದ್ದರೆ, "ತೊಳೆಯೋರು ಒಬ್ರು, ರುಬ್ಬೋರು ಒಬ್ರು. ಇಬ್ಬರಿಗೂ ಮಾತಿಲ್ಲ" ಎನ್ನುತ್ತಾರೆ. ಒಮ್ಮೆ ಒಬ್ಬಾಕೆಗೆ ಇದನ್ನು ಮುಖಕ್ಕೇ ಹೇಳಿದ್ದರು, ಅಂದರೆ ಜಾರಿನ ಮುಖಕ್ಕೆ. ಅವಳು ಅಲ್ಲೇ ಅತ್ತುಬಿಟ್ಟಿದ್ದಳು.

ಅವರ ಶತ್ರು ಎದುರಿನ ಹೋಟೆಲ್. ಅದರ ಯಜಮಾನನನ್ನು ನಾವು ಹೋಟೆಲಣ್ಣ ಅನ್ನುತ್ತೇವೆ. ಪಾಪ, ನಗುಮುಖದ ಮನುಷ್ಯ. ಅವನು ಬೀದಿಗೆ ಬಂದು ಮೂರು ವರ್ಷವಾದರೂ ಮಾಮ ಅವನ ಹೊಸ್ತಿಲು ತುಳಿದಿರಲಿಲ್ಲ, ಒಂದು ಲೋಟ ಟೀ ಕೂಡ ಮುಟ್ಟಿರಲಿಲ್ಲ. ನಮ್ಮಿಬ್ಬರಿಗೂ ಕೆಲಸ ಕಡಿಮೆ ಇದ್ದ ಹೊತ್ತಿನಲ್ಲಿ ಇದೇ ಜಗಳ.

"ಜನ ಹೊರಗೆ ತಿನ್ನೋದು ಕಲಿತ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗೆ ಕಣಮ್ಮ. ಒಲೆ ಹಚ್ಚದ ಮನೇಲಿ ಕುಕ್ಕರ್ ಯಾಕೆ ಕೆಡುತ್ತೆ?"

"ದಿನಾ ಒಲೆ ಮುಂದೆ ನಿಂತು ಬೇಯೋರಿಗೆ ಒಂದು ದಿನ ಯಾರಾದ್ರೂ ಬಡಿಸಿದ್ರೆ ನಿಮಗೇನು ಗಂಟು ಹೋಗುತ್ತೆ ಮಾಮ?"

"ಅಲ್ಲಿ ಬೇಳೆ ಬೇಯಿಸಲ್ಲ, ಬೆದರಿಸ್ತಾರೆ ಅಷ್ಟೆ."

"ತಿಂದು ನೋಡಿದೀರಾ?"

"ಯಾಕೆ ತಿನ್ಬೇಕು? ಅವನ ದೊಡ್ಡ ಕುಕ್ಕರ್ ಕೂಗೋದು ಕೇಳಿಸುತ್ತಲ್ಲ. ಗ್ಯಾಸ್ಕೆಟ್ ಸಡಿಲ ಇದೆ. ಬಂದು ಕೇಳ್ಲಿ, ಹಾಕಿಕೊಡ್ತೀನಿ."

ನಾನು ಸುಮ್ಮನಿರುವ ಜಾತಿಯಲ್ಲ. ಒಮ್ಮೆ ಮಾತು ಜಾರಿ, "ಊರಿಗೆಲ್ಲ ಕುಕ್ಕರ್ ರಿಪೇರಿ ಮಾಡಿಕೊಡೋ ನಿಮ್ಮ ಮನೇಲೇ ಕುಕ್ಕರ್ ಇಲ್ವಲ್ಲ" ಎಂದುಬಿಟ್ಟೆ. ಒಂದು ವಾರದ ಮೇಲೆ ಮಾಮ ತಾವಾಗಿಯೇ ಕಾರಣ ಹೇಳಿದರು. ಮದುವೆಯಾದ ಹೊಸತರಲ್ಲಿ ಅವರ ಮನೆಯ ಕುಕ್ಕರ್ ಸೋರುತ್ತಿತ್ತಂತೆ. ಒಬ್ಬ ರಿಪೇರಿಯವನು ಸೇಫ್ಟಿ ವಾಲ್ವ್ ತೆಗೆದು, ಆ ಜಾಗಕ್ಕೆ ಸುಮ್ಮನೆ ಒಂದು ಸ್ಕ್ರೂ ತಿರುಗಿಸಿ ಕೊಟ್ಟ. ಸೋರುವುದು ನಿಂತಿತು. ಒಂದು ದಿನ ವಿಷಲ್ ಕೂರುವ ನಳಿಕೆಗೆ ಕಾಳಿನ ಸಿಪ್ಪೆ ಸಿಕ್ಕಿಕೊಂಡಿತು. ಆವಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮುಚ್ಚಳ ಸೂರಿಗೆ ಹಾರಿತು, ಮಾಮಿಯ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದುಹೋಯಿತು. ಅವತ್ತಿನಿಂದ ಮಾಮಿ ತೆರೆದ ಪಾತ್ರೆಯಲ್ಲೇ ಅನ್ನ ಮಾಡುತ್ತಾರೆ. ಮಾಮ ಇದ್ದ ಕೆಲಸ ಬಿಟ್ಟು ಕುಕ್ಕರ್ ರಿಪೇರಿ ಕಲಿತರು.

ಈಗ ಬೋಲ್ಟಿನ ವಿಷಯಕ್ಕೆ ಬರುತ್ತೇನೆ. ಸೋರುವ ಕುಕ್ಕರ್ ಬಂದರೆ ತಪ್ಪು ಗ್ಯಾಸ್ಕೆಟ್ಟಿನದೋ ವಾಲ್ವಿನದೋ ಮೊದಲು ತಿಳಿಯಬೇಕು. ಅದಕ್ಕೆ ಮಾಮನದೇ ಒಂದು ಉಪಾಯವಿದೆ. ವಾಲ್ವ್ ಬಿಚ್ಚಿ, ಅಲ್ಲಿಗೆ ತೂತಿಲ್ಲದ ಒಂದು ಹಿತ್ತಾಳೆ ಬೋಲ್ಟು ಬಿಗಿದು, ಒಂದು ಸಲ ಆವಿ ಏರಿಸುತ್ತಾರೆ. ಆಗಲೂ ಸೋರಿದರೆ ಗ್ಯಾಸ್ಕೆಟ್ ಕೆಟ್ಟಿದೆ, ಸೋರದಿದ್ದರೆ ವಾಲ್ವ್. ತಿಳಿದ ಕೂಡಲೇ ಬೋಲ್ಟು ತೆಗೆದು ಹೊಸ ವಾಲ್ವ್ ಹಾಕುತ್ತಾರೆ. ಆ ಬೋಲ್ಟನ್ನು ಅವರೇ ಅರದಿಂದ ಉಜ್ಜಿ ಮಾಡಿದ್ದು. ಮರೆತು ಬಿಡಬಾರದೆಂದು ಅದರ ತಲೆಗೆ ನನ್ನ ಉಗುರುಬಣ್ಣ ತೆಗೆದುಕೊಂಡು ಹೋಗಿ ಕೆಂಪಗೆ ಬಳಿದಿದ್ದರು. ಕೆಲಸವಿಲ್ಲದಾಗ ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ.

ಆ ದಿನ ಬೆಳಿಗ್ಗೆ ಹನ್ನೊಂದೂವರೆ ಇರಬಹುದು. ನಾನು ಒಂದು ಪರದೆಯ ಅಂಚು ಹೊಲಿಯುತ್ತಿದ್ದೆ. ಹಲಗೆಯ ಆಚೆ ಡಬ್ಬಗಳು ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಮಾಮ ಬಿದ್ದರೇನೋ ಎಂದು ಓಡಿದೆ. ಅವರು ಮೊಳೆಯ ಮುಂದೆ ನಿಂತಿದ್ದರು. ಮೊಳೆ ಖಾಲಿ. ಮೇಜಿನ ಮೇಲಿನ ತಟ್ಟೆಯಲ್ಲಿ ಹೊಸ ಸೇಫ್ಟಿ ವಾಲ್ವ್ ಹೊಳೆಯುತ್ತಾ ಕೂತಿತ್ತು.

"ಕೊಟ್ಟುಬಿಟ್ಟೆ ಕಣಮ್ಮ" ಎಂದರು. "ಬೋಲ್ಟ್ ಸಮೇತ ಕೊಟ್ಟುಬಿಟ್ಟೆ."

ಹೇಗಾಯಿತೆಂದು ಕೇಳಬೇಕಾಗಿಯೇ ಇರಲಿಲ್ಲ. ಹಿಂದಿನ ಸಂಜೆ ಹೋಟೆಲಣ್ಣ ಹೊಸ ಬೋರ್ಡು ತೂಗುಹಾಕಿದ್ದ: 'ಇವತ್ತು ನಿಮ್ಮ ಅಡುಗೆಮನೆಗೆ ರಜೆ ಕೊಡಿ.' ಅದನ್ನು ನೋಡಿ ಮಾಮ ಕೈಯಲ್ಲಿದ್ದ ವಾಲ್ವನ್ನು ತಟ್ಟೆಯಲ್ಲಿಟ್ಟು ರಸ್ತೆಗಿಳಿದು ಅರ್ಧ ಗಂಟೆ ಕೂಗಾಡಿದ್ದರು. ನಾನೂ ಮಿಷನ್ ನಿಲ್ಲಿಸಿ ಬಾಗಿಲಲ್ಲಿ ನಿಂತು ನಕ್ಕಿದ್ದೆ. ವಾಪಸ್ ಬಂದವರೇ, ಕುಕ್ಕರ್ ಮುಚ್ಚಳ ಬಿಗಿಯಾಗಿದೆ, ಕೆಲಸ ಮುಗಿದಿದೆ ಎಂದುಕೊಂಡು ಬಾಗಿಲು ಎಳೆದಿದ್ದರು. ಬೋಲ್ಟಿನ ಕೆಂಪು ತಲೆ ಮುಚ್ಚಳದ ಒಳಬದಿಗಿತ್ತು, ಪರೀಕ್ಷೆಯ ನೀರೂ ಒಳಗೇ ಇತ್ತು; ಬೆಳಿಗ್ಗೆ ಗಿರಾಕಿ ಬಂದಾಗ ಮುಚ್ಚಳ ತೆಗೆಯದೆಯೇ ಮೂರು ವಿಷಲ್ ಕೂಗಿಸಿ ತೋರಿಸಿದರು. ಮೂರೂ ಲಕ್ಷಣವಾಗಿ ಕೂಗಿದವು. ತೂತಿಲ್ಲದ ಬೋಲ್ಟು ಎಲ್ಲಿಂದ ಸೋರಬೇಕು?

"ಯಾರ ಕುಕ್ಕರ್ ಮಾಮ?"

"ಐದು ಲೀಟರಿಂದು. ತಳದಲ್ಲಿ ಒಂದು ತಗ್ಗು. ಕಾಳು ಜಾಸ್ತಿ ಬೇಯಿಸೋ ಮನೆ, ನಳಿಕೆ ತುಂಬ ಸಿಪ್ಪೆ ಕಟ್ಟಿತ್ತು."

"ಕುಕ್ಕರಲ್ಲ, ಮನುಷ್ಯರು! ಯಾರು?"

ಮಾಮ ಕಣ್ಣು ಮುಚ್ಚಿ ಯೋಚಿಸಿದರು. ಎಷ್ಟು ಯೋಚಿಸಿದರೂ ಕುಕ್ಕರಿಗೆ ಮುಖ ಮೂಡಲಿಲ್ಲ. "ಹೆಂಗಸು. ದನಿ ಹೆಂಗಸಿಂದು" ಎಂದರು, ಅಷ್ಟೇ.

ನನಗೆ ಕೋಪ ನೆತ್ತಿಗೇರಿತು. ಮುಖ ನೋಡದ ಈ ಮನುಷ್ಯನಿಗೆ ಬಾಯಿಗೆ ಬಂದಂತೆ ಬೈಯಬೇಕೆಂದು ಹೊರಟವಳಿಗೆ, ಬೆಳಿಗ್ಗೆ ಆಕೆ ನನ್ನ ಬಾಗಿಲ ಮುಂದೆಯೇ ನಿಂತಿದ್ದಳಲ್ಲ, ನಾನೇನು ನೋಡಿದೆ ಎಂದು ಹೊಳೆಯಿತು. ಹಸಿರು ಕೋಟು. ಎಡಗಡೆ ತೋಳು ಹರಿದು ನೀಲಿ ದಾರದಲ್ಲಿ ತೇಪೆ ಹಾಕಿತ್ತು, ಕೆಟ್ಟ ಹೊಲಿಗೆ, ಬಿಚ್ಚಿ ಮತ್ತೆ ಹಾಕೋಣ ಅನ್ನಿಸಿತ್ತು. ಮುಖ ನನಗೂ ನೆನಪಿಲ್ಲ. ಅವರು ಮುಚ್ಚಳ ನೋಡಿದ್ದರು, ನಾನು ತೋಳು ನೋಡಿದ್ದೆ. ಅಂತೂ ಇಬ್ಬರೂ ಸೇರಿ ಒಬ್ಬಳು ಹೆಂಗಸನ್ನು ನೋಡಿರಲಿಲ್ಲ.

"ಹಸಿರು ಕೋಟು ಬಿಸ್ಕತ್ತಿನ ಕಾರ್ಖಾನೆಯವರದ್ದು. ಬನ್ನಿ" ಎಂದೆ.

ಇಬ್ಬರೂ ಬಾಗಿಲು ಎಳೆದು ಆಟೋ ಹತ್ತಿದೆವು. ಮಾಮನ ಮುಷ್ಟಿಯಲ್ಲಿ ವಾಲ್ವ್, ಜೇಬಿನಲ್ಲಿ ಸ್ಪ್ಯಾನರು. ಪ್ರತಿ ಸಿಗ್ನಲ್ಲಿನಲ್ಲೂ ಅವರು ಗಡಿಯಾರ ನೋಡುತ್ತಿದ್ದರು. ಹನ್ನೆರಡು ಹೊಡೆಯುವ ಹೊತ್ತು, ಮನೆಮನೆಯಲ್ಲೂ ಕುಕ್ಕರ್ ಇಡುವ ಹೊತ್ತು. ದಾರಿಯಲ್ಲಿ ಯಾರದೋ ಮನೆಯಿಂದ ವಿಷಲ್ ಕೇಳಿಸಿತು. ಮಾಮ ಬೆಚ್ಚಿಬಿದ್ದು ನನ್ನ ಕೈ ಹಿಡಿದುಕೊಂಡರು.

"ನಲವತ್ತು ವರ್ಷದಿಂದ ಅವನನ್ನ ಬೈತಾ ಬಂದಿದೀನಿ" ಎಂದರು. "ಆ ರಿಪೇರಿಯವನನ್ನ. ಕೈ ಸೇದಿಹೋಗ್ಲಿ ಅಂತ ಶಾಪ ಹಾಕಿದೀನಿ. ಇವತ್ತು ನಾನೇ ಅವನು."

ನಾನು ಮುಂದಕ್ಕೆ ಬಾಗಿ ಡ್ರೈವರಿಗೆ, "ಸ್ವಲ್ಪ ಬೇಗ ಹೋಗಪ್ಪ" ಎಂದೆ.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಕುರ್ಚಿಯಿಂದ ಏಳಲೇ ಇಲ್ಲ. "ಹಸಿರು ಕೋಟಿನವರು ಇನ್ನೂರು ಜನ ಇದಾರೆ. ಹೆಸರು ಹೇಳಿ."

"ಹೆಸರು ಗೊತ್ತಿಲ್ಲ" ಎಂದೆ.

"ಹೆಸರು ಗೊತ್ತಿಲ್ದೆ ಯಾರನ್ನ ಹುಡುಕ್ತೀರಿ?"

ಆಗ ಮಾಮ ಮುಂದೆ ಬಂದರು. "ಎಡಗೈಯವಳು" ಎಂದರು. ನಾನು ತಿರುಗಿ ನೋಡಿದೆ. "ಮುಚ್ಚಳದ ಹಿಡಿ ತಿರುವುಮುರುವಾಗಿ ಸವೆದಿತ್ತು. ಎಡಗೈಯಲ್ಲಿ ತೆಗೆದು ಎಡಗೈಯಲ್ಲೇ ಹಾಕೋರು ಮಾತ್ರ ಹಾಗೆ ಸವೆಸ್ತಾರೆ."

ಕಾವಲುಗಾರ ನಕ್ಕುಬಿಟ್ಟ. "ಎಡಚಕ್ಕನಾ? ಹಾಗೆ ಹೇಳಬಾರ್ದಾ! ಬೆಲ್ಟಿನ ಮುಂದೆ ನಿಂತು ಮುರುಕು ಬಿಸ್ಕತ್ತು ಆರಿಸೋ ಕೆಲಸ ಅವಳದ್ದು. ರಾತ್ರಿ ಪಾಳಿ ಮುಗಿಸ್ಕೊಂಡು ಬೆಳಿಗ್ಗೆನೇ ಹೋದ್ಲು. ಹಿಂದುಗಡೆ ಕ್ವಾರ್ಟರ್ಸು, ಮೂರನೇ ಸಾಲು, ನೀಲಿ ಬಾಗಿಲು."

ಮಾಮ ಅರವತ್ತನಾಲ್ಕು ವರ್ಷದವರು. ಮೂರನೇ ಸಾಲಿನವರೆಗೆ ಅವರು ಓಡಿದರು, ನಾನು ಹಿಂದೆ ಉಳಿದೆ. ನೀಲಿ ಬಾಗಿಲಿಗೆ ಬೀಗ. ಮಾಮ ಕಿಟಕಿಗೆ ಕಿವಿಯಿಟ್ಟು ಕೇಳಿದರು. ಒಳಗೆ ಯಾವ ಸದ್ದೂ ಇಲ್ಲ. ಪಕ್ಕದ ಮನೆಯಾಕೆ ಬಟ್ಟೆ ಒಣಗಿಸುತ್ತಾ, "ಅತ್ತೆ ಸೊಸೆ ಹೊರಗೆ ಹೋಗಿ ಅರ್ಧ ಗಂಟೆ ಆಯ್ತಲ್ಲ" ಎಂದಳು.

"ಒಲೆ ಮೇಲೆ ಕುಕ್ಕರ್ ಇಟ್ಟು ಹೋಗಿದಾರಾ?" ಎಂದು ಕೇಳಿದೆ.

"ಇಲ್ಲಪ್ಪ. ಕುಕ್ಕರನ್ನ ಚೀಲಕ್ಕೆ ಹಾಕ್ಕೊಂಡೇ ಹೋದ್ರು."

"ಎಲ್ಲಿಗೆ?"

"ಕೇಳ್ಲಿಲ್ಲ. ತಂಗಿ ಮನೆಗಿರಬೇಕು. ಅಲ್ಲಿ ನೆಂಟರು ಬಂದಿದಾರೆ ಅಂತಿದ್ಲು."

ಮನೆಯೊಳಗೆ ಏನೂ ಆಗಿಲ್ಲವೆಂದು ಅರ್ಧ ಉಸಿರು ಬಿಟ್ಟೆವು, ಇನ್ನರ್ಧ ಅಲ್ಲೇ ಸಿಕ್ಕಿಕೊಂಡಿತು. ನೆಂಟರು ತುಂಬಿದ ಮನೆಗೆ ಆ ಕುಕ್ಕರ್ ಹೋಗಿದೆ. ಸುತ್ತ ಮಕ್ಕಳಿರುತ್ತಾರೆ. ತಂಗಿಯ ಮನೆ ಎಲ್ಲಿ, ಪಕ್ಕದವಳಿಗೆ ಗೊತ್ತಿಲ್ಲ. ಎಡಚಕ್ಕನ ಫೋನಿಗೆ ಅವಳೇ ಮಾಡಿ ನೋಡಿದಳು, ಫೋನು ಬೀಗ ಹಾಕಿದ ಮನೆಯೊಳಗೇ ಹೊಡೆದುಕೊಂಡಿತು. ಮಾಮ ಮೆಟ್ಟಿಲ ಮೇಲೆ ಕೂತರು. ಕೊನೆಗೆ, "ಅಂಗಡಿಗೆ ಹೋಗೋಣ ಮಾಮ. ಏನಾದ್ರೂ ತೊಂದರೆ ಕಂಡ್ರೆ ಆಕೆ ಅಲ್ಲಿಗೇ ತಾನೆ ಬರೋದು" ಎಂದೆ. ನನಗೆ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಅಲ್ಲಿ ಸುಮ್ಮನೆ ಕೂರಲು ಮನಸ್ಸು ಬರಲಿಲ್ಲ, ಅಷ್ಟೆ.

ವಾಪಸ್ ಬರುವ ದಾರಿಯಲ್ಲಿ ಮಾಮ ಮಾಮಿಗೆ ಫೋನು ಮಾಡಿದರು. "ಒಂದು ತಪ್ಪು ಮಾಡಿದೀನಿ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಆಚೆಯಿಂದ ಮಾಮಿ ಏನೆಂದರೋ ಕೇಳಿಸಲಿಲ್ಲ. ಮಾಮ ಮಾತ್ರ, "ಇನ್ನೂ ಗೊತ್ತಿಲ್ಲ... ಇನ್ನೂ ಗೊತ್ತಿಲ್ಲ ಕಣೆ" ಎನ್ನುತ್ತಿದ್ದರು. ಕಣ್ಣಲ್ಲಿ ನೀರು ಬಂದಿತ್ತು. ನಾನು ಬೀದಿಯ ಕಡೆ ಮುಖ ಮಾಡಿಕೊಂಡೆ.

ಆಟೋ ನಮ್ಮ ಬೀದಿಯಲ್ಲಿ ನಿಂತಿತು. ಹೋಟೆಲಣ್ಣ ಬಾಗಿಲಲ್ಲೇ ಇದ್ದ. ನಮ್ಮನ್ನು ಕಂಡವನೇ ಎರಡೂ ಕೈ ಬೀಸಿದ. "ಎಲ್ಲಿ ಹೋಗಿದ್ರಿ ಇಬ್ರೂ? ನಿಮ್ಮ ಗಿರಾಕಿ ಮುಕ್ಕಾಲು ಗಂಟೆಯಿಂದ ಕಾಯ್ತಾ ಇದಾರೆ! ಬಿಸಿಲಲ್ಲಿ ಯಾಕೆ ನಿಲ್ತೀರಿ ಅಂತ ನಾನೇ ಒಳಗೆ ಕೂರಿಸ್ದೆ."

ಕಿಟಕಿಯ ಪಕ್ಕದ ಮೇಜಿನಲ್ಲಿ ನೀಲಿ ದಾರದ ತೇಪೆಯ ಹಸಿರು ಕೋಟು ಕೂತಿತ್ತು. ಎದುರಿಗೆ ಒಬ್ಬರು ಅಜ್ಜಿ ತಟ್ಟೆ ತುಂಬ ಅನ್ನ ಹಾಕಿಸಿಕೊಂಡು ಊಟ ಮಾಡುತ್ತಿದ್ದರು. ಮೂರನೆಯ ಕುರ್ಚಿಯ ಮೇಲೆ ಚೀಲ, ಚೀಲದೊಳಗಿಂದ ಸವೆದ ಹಿಡಿ ಇಣುಕುತ್ತಿತ್ತು.

ಮೂರು ವರ್ಷದಿಂದ ತುಳಿಯದ ಹೊಸ್ತಿಲನ್ನು ಮಾಮ ಹೇಗೆ ದಾಟಿದರೋ ಅವರಿಗೇ ಗೊತ್ತಿಲ್ಲ. ನೇರವಾಗಿ ಹೋಗಿ ಚೀಲದಿಂದ ಕುಕ್ಕರ್ ತೆಗೆದು, ಮುಚ್ಚಳ ತಿರುಗಿಸಿ ನೋಡಿದರು. ಕೆಂಪು ತಲೆ ಅಲ್ಲೇ ಇತ್ತು. ಪಾತ್ರೆಯ ಒಳಗೆ ಬೆರಳಾಡಿಸಿ, "ಒಣಗಿದೆ, ಒಲೆಗೇ ಇಟ್ಟಿಲ್ಲ" ಎಂದವರು ಕುಕ್ಕರನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುರ್ಚಿಯಲ್ಲಿ ಕುಸಿದರು. ನನಗೂ ಹೋದ ಜೀವ ಬಂದಂತಾಯಿತು. ನಗು ಅಳು ಎರಡೂ ಒಟ್ಟಿಗೆ ಬಂದು, ಹೋಟೆಲಣ್ಣನ ನೀರಿನ ಜಗ್ಗನ್ನೇ ಎತ್ತಿ ಕುಡಿದೆ.

"ಏನಾಯ್ತು ಯಜಮಾನ್ರೇ?" ಎಂದು ಎಡಚಕ್ಕ ಗಾಬರಿಯಾದಳು. "ಇದನ್ನೇ ಕೇಳೋಣ ಅಂತ ಬಂದೆ. ಮುಚ್ಚಳ ತೊಳೀತಾ ಇದ್ದೆ, ಕೆಂಪಗೆ ಏನೋ ಕಾಣಿಸ್ತು. ಮುಂಚೆ ಇರ್ಲಿಲ್ಲ. ಇಡೀ ರಾತ್ರಿ ಸಾವಿರಾರು ಬಿಸ್ಕತ್ತಲ್ಲಿ ಬೇರೆ ಥರ ಇರೋದನ್ನ ಆರಿಸ್ತೀನಿ, ಕಣ್ಣಿಗೆ ಅದೇ ಅಭ್ಯಾಸ. ಕೇಳ್ದೆ ಒಲೆಗಿಡೋದು ಬೇಡ ಅನ್ನಿಸ್ತು. ಬಂದ್ರೆ ನಿಮ್ಮ ಬಾಗಿಲು ಹಾಕಿತ್ತು."

"ಹಂಗಾಗಿ ನನಗೆ ಹೋಟೆಲ್ ಊಟ ಸಿಕ್ತು" ಎಂದರು ಅಜ್ಜಿ, ಎಡಚಕ್ಕನ ಅತ್ತೆ. "ವಾರಕ್ಕೊಂದು ಸಲ ಕೆಡ್ಲಿ ಬಿಡಿ ಆ ಕುಕ್ಕರು."

ಮಾಮ ತಪ್ಪನ್ನು ಮುಚ್ಚಿಡಲಿಲ್ಲ. ಬೋಲ್ಟು ಏನು, ಯಾಕೆ, ಅದರಿಂದ ಏನಾಗಬಹುದಿತ್ತು, ತಮ್ಮ ಮನೆಯಲ್ಲಿ ಏನಾಗಿತ್ತು, ಎಲ್ಲವನ್ನೂ ಆ ಮೇಜಿನ ಮುಂದೆಯೇ ಹೇಳಿ ಕೈಮುಗಿದರು. ಎಡಚಕ್ಕ ಕುಕ್ಕರನ್ನೂ ಅವರನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೂ ನ್ಯಾಯವೇ. "ನಮ್ಮನ್ನ ಹುಡುಕಿಕೊಂಡು ಕ್ವಾರ್ಟರ್ಸ್‌ವರೆಗೆ ಹೋಗಿದ್ರಾ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದರು. "ಸರಿ, ಹಾಗಾದ್ರೆ ನನ್ನ ಕಣ್ಣೆದುರಿಗೆ ವಾಲ್ವ್ ಹಾಕಿ. ನಾನು ನೋಡ್ತೀನಿ."

ಮಾಮ ಮುಷ್ಟಿ ಬಿಚ್ಚಿದರು. ವಾಲ್ವ್ ಅಂಗೈಗೆ ಅಚ್ಚೊತ್ತಿತ್ತು. ಅದನ್ನು ಹೂಡಿ, ಬಿಗಿದು, ಎಡಚಕ್ಕನ ಕೈಗೆ ಮುಚ್ಚಳ ಕೊಟ್ಟರು. ಅವಳು ಬೆಳಕಿಗೆ ಹಿಡಿದು ಮುರುಕು ಬಿಸ್ಕತ್ತು ನೋಡುವ ಹಾಗೆ ನೋಡಿ ಒಪ್ಪಿದಳು. ಮೂರು ವಿಷಲ್ ಕೂಗಿದ್ದು ಹೋಟೆಲಣ್ಣನ ಒಲೆಯ ಮೇಲೆ. ಊಟಕ್ಕೆ ಕೂತವರೆಲ್ಲ ಒಂದು, ಎರಡು, ಮೂರು ಎಂದು ಎಣಿಸಿದರು. ಮೂರನೆಯದಕ್ಕೆ ಮಾಮ ಹೊರಗೆ ಬಂದು ಮಾಮಿಗೆ ಫೋನು ಮಾಡಿ, "ಏನೂ ಆಗಿಲ್ಲ ಕಣೆ" ಎಂದು ಕೂಗಿ ಹೇಳಿದರು. ಆಮೇಲೆ ಹೋಟೆಲಣ್ಣ ಬಲವಂತವಾಗಿ ಅವರಿಗೆ ಬಡಿಸಿದ. ಮಾಮ ಎರಡು ಸಲ ಬೇಳೆ ಹಾಕಿಸಿಕೊಂಡರು. ಕೈ ತೊಳೆಯುತ್ತಾ, "ನಿನ್ನ ದೊಡ್ಡ ಕುಕ್ಕರ್ ಗ್ಯಾಸ್ಕೆಟ್ ಸಡಿಲ ಇದೆ, ನಾಳೆ ಕಳಿಸು" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಮರುದಿನ ಬೆಳಿಗ್ಗೆ ಮಾಮಿ ಬಂದರು. ಅವರು ಅಂಗಡಿಗೆ ಬರುವುದೇ ಅಪರೂಪ. ತುಂಬು ತೋಳಿನ ರವಿಕೆಯ ಕೆಳಗೆ ಹಳೆಯ ಸುಟ್ಟ ಗುರುತು ಸ್ವಲ್ಪ ಕಾಣುತ್ತಿತ್ತು. ಕೆಂಪು ಬೋಲ್ಟನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನ ನಿಮ್ಮ ಮಾಮನಿಗೆ ಕಟ್ಟಿಹಾಕು" ಎಂದರು. ನಾನು ಗಟ್ಟಿ ದಾರ ಹೆಣೆದು, ಒಂದು ತುದಿಗೆ ಬೋಲ್ಟು ಬಿಗಿದು, ಇನ್ನೊಂದು ತುದಿಯನ್ನು ಮಾಮನ ಏಪ್ರನ್ನಿಗೆ ನಾಲ್ಕು ಸುತ್ತು ಹೊಲಿದೆ. ಈಗ ಬೋಲ್ಟು ಕುಕ್ಕರಿನಲ್ಲಿದ್ದರೆ ಮಾಮನೂ ಕುಕ್ಕರಿಗೆ ಅಂಟಿಕೊಂಡಿರುತ್ತಾರೆ. ಹೋಟೆಲಣ್ಣ ಯಾವ ಬೋರ್ಡು ಹಾಕಿದರೂ ರಸ್ತೆಗಿಳಿಯುವಂತಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮಾಮ ಒಂದು ನೋಟ್‌ಬುಕ್ ತಂದಿದ್ದಾರೆ. ಗಿರಾಕಿ ಬಂದರೆ ಪಾತ್ರೆ ಕೈಗೆ ತೆಗೆದುಕೊಳ್ಳುವ ಮೊದಲು ತಲೆ ಎತ್ತಿ ಮುಖ ನೋಡಿ, ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಮೊದಮೊದಲು ಜನ ಹೆದರಿದರು. ಮೊನ್ನೆ ಸಂಜೆ ಉಗುರುಬಣ್ಣ ಕೇಳಲು ನನ್ನ ಬಾಗಿಲಿಗೆ ಬಂದವರು ನನ್ನನ್ನೇ ನೋಡುತ್ತಾ ನಿಂತುಬಿಟ್ಟರು.

"ಏನು ಮಾಮ?"

"ನಿನಗೆ ಕನ್ನಡಕ ಯಾವಾಗ ಬಂತಮ್ಮ?"

"ಆರು ವರ್ಷ ಆಯ್ತು ಮಾಮ" ಎಂದೆ.